ಅಭ್ಯರ್ಥಿಯ ಚೆಲುವು, ವರ್ಚಸ್ಸು ಮತ್ತು ಮಂಡ್ಯದ ಮತ

ಅಭ್ಯರ್ಥಿಯ ವರ್ಚಸ್ಸು ಮತ್ತು ರೂಪ ಚುನಾವಣೆಯ ಫಲಿತಾಂಶವನ್ನು ನಿರ್ಧರಿಸುತ್ತವೆಯೇ ಎಂದು ಕೇಳಿದ್ದೀರಿ. ಪ್ರಭಾವ ಬೀರುತ್ತವೆ, ಆದರೆ ಅವೇ ನಿರ್ಧರಿಸುವುದು ಅಪರೂಪ ಎಂಬುದು ಮಂಡ್ಯದ ಮತದಾರನಾದ ನನ್ನ ಅಭಿಪ್ರಾಯ. ಸಿನಿಮಾದವರನ್ನು ಗೆಲ್ಲಿಸಿಯೂ ಸೋಲಿಸಿಯೂ ಅಭ್ಯಾಸವಾಗಿರುವ ಕ್ಷೇತ್ರ ನಮ್ಮದು.

2013ರ ಆಗಸ್ಟ್‌ನ ಲೋಕಸಭಾ ಉಪಚುನಾವಣೆಯಲ್ಲಿ ಕಾಂಗ್ರೆಸ್‌ನಿಂದ ನಟಿ ರಮ್ಯಾ ಅವರು ಜೆಡಿಎಸ್‌ನ ಸಿ.ಎಸ್. ಪುಟ್ಟರಾಜು ಅವರನ್ನು 47 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ವರ್ಷ ತುಂಬುವ ಮೊದಲೇ, 2014ರಲ್ಲಿ, ಅದೇ ಪುಟ್ಟರಾಜು ಎದುರು ಸುಮಾರು ಐದೂವರೆ ಸಾವಿರ ಮತಗಳಿಂದ ಸೋತರು. ಅಷ್ಟರಲ್ಲಿ ಯಾರ ಮುಖವೂ ಬದಲಾಗಿರಲಿಲ್ಲ. ಉಪಚುನಾವಣೆಯ ಹೊತ್ತಿಗೆ ಕಾಂಗ್ರೆಸ್ ರಾಜ್ಯದಲ್ಲಿ ಆಗತಾನೇ ಅಧಿಕಾರಕ್ಕೆ ಬಂದಿತ್ತು. ಮುಂದಿನ ಬೇಸಿಗೆಗೆ ಆ ಹುರುಪು ಇಳಿದಿತ್ತು, ಜೆಡಿಎಸ್‌ನ ಹಳೆಯ ನೆಲೆ ಮತ್ತೆ ಗಟ್ಟಿಯಾಗಿತ್ತು. ರೂಪಕ್ಕೆ ಎಷ್ಟು ಬೆಲೆ ಎಂದು ಅಳೆಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ತೋಚುವುದಿಲ್ಲ.

ವರ್ಚಸ್ಸಿನ ಮಾತೇ ಬೇರೆ. ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯ ಅಂಬರೀಶ್ ಅವರನ್ನು ಜನ ಹಚ್ಚಿಕೊಂಡದ್ದು ಅವರ ಚೆಲುವಿಗಲ್ಲ, ಬೈದರೂ ನಮ್ಮವನೇ ಬೈದ ಎನ್ನಿಸುವಂಥ ಅವರ ಒರಟು ಸಲಿಗೆಗೆ. 1998, 1999, 2004ರಲ್ಲಿ ಸತತವಾಗಿ ಇಲ್ಲಿಂದ ಲೋಕಸಭೆಗೆ ಹೋದ ಅವರೂ 2008ರಲ್ಲಿ ಶ್ರೀರಂಗಪಟ್ಟಣ ವಿಧಾನಸಭಾ ಕ್ಷೇತ್ರದಲ್ಲಿ, 2009ರಲ್ಲಿ ಮಂಡ್ಯ ಲೋಕಸಭಾ ಕ್ಷೇತ್ರದಲ್ಲಿ ಸೋತರು. ತಾರೆಯ ಮೆರವಣಿಗೆಯಲ್ಲಿ ಕ್ರೇನಿನಿಂದ ಸೇಬಿನ ಹಾರ ಇಳಿಯುತ್ತದೆ, ಜೆಸಿಬಿಯ ಬಕೆಟ್ಟಿನಿಂದ ಹೂವಿನ ಮಳೆ ಸುರಿಯುತ್ತದೆ. ಅಲ್ಲಿ ಮೊಬೈಲ್ ಎತ್ತಿ ಹಿಡಿದು ನಿಂತ ಹುಡುಗರಲ್ಲಿ ಎಷ್ಟೋ ಮಂದಿಗೆ ಮತದಾನದ ವಯಸ್ಸೇ ಆಗಿರುವುದಿಲ್ಲ, ಇನ್ನೆಷ್ಟೋ ಮಂದಿಯ ಹೆಸರು ಪಕ್ಕದ ಕ್ಷೇತ್ರದ ಪಟ್ಟಿಯಲ್ಲಿರುತ್ತದೆ. ‘ನೋಡೋಕೆ ಬಂದೋರೆಲ್ಲ ಓಟ್ ಹಾಕ್ತಾರಾ?’ ಎಂದು ನಮ್ಮೂರ ಹಿರಿಯರು ಸುಮ್ಮನೆ ಕೇಳುವುದಿಲ್ಲ.

2019ರಲ್ಲಂತೂ ಎರಡೂ ಕಡೆ ಸಿನಿಮಾದವರೇ ಇದ್ದುದರಿಂದ ಆ ಲಾಭ ಸರಿಗೆ ಸರಿಯಾಗಿ ಹೋಯಿತು. ಅಂಬರೀಶ್ ಅವರ ಪತ್ನಿ, ನಟಿ ಸುಮಲತಾ ಅವರು ಪಕ್ಷೇತರರಾಗಿ, ಆಗಿನ ಮುಖ್ಯಮಂತ್ರಿಯ ಮಗ ನಿಖಿಲ್ ಅವರನ್ನು ಸುಮಾರು 1.26 ಲಕ್ಷ ಮತಗಳಿಂದ ಸೋಲಿಸಿದ್ದಕ್ಕೆ ಕೆಲವೇ ತಿಂಗಳ ಹಿಂದೆ ತೀರಿಕೊಂಡಿದ್ದ ಅಂಬರೀಶ್ ಮೇಲಿನ ಅನುಕಂಪ, ಜೆಡಿಎಸ್ ಜೊತೆಗಿನ ಮೈತ್ರಿಯಲ್ಲಿ ಕ್ಷೇತ್ರ ಕೈತಪ್ಪಿದ ಸ್ಥಳೀಯ ಕಾಂಗ್ರೆಸ್ಸಿಗರ ಮುನಿಸು, ಬಿಜೆಪಿಯ ಬೆಂಬಲ ಎಲ್ಲವೂ ಕೂಡಿಬಂದವು. ಆ ಸಲ ಸುಮಲತಾ ಎಂಬ ಹೆಸರಿನ ಇನ್ನೂ ಮೂವರು ಕಣದಲ್ಲಿದ್ದರು. ಮತಯಂತ್ರದ ಮೇಲಿನ ಅಂಚೆಚೀಟಿಯಷ್ಟು ಚಿಕ್ಕ ಭಾವಚಿತ್ರ ಅಂದು ಕೆಲಸಕ್ಕೆ ಬಂದದ್ದು ಮೋಡಿ ಮಾಡುವುದಕ್ಕಲ್ಲ, ಯಾವ ಸುಮಲತಾ ಎಂದು ಗುರುತಿಸುವುದಕ್ಕೆ. 2015ರಿಂದ ಚುನಾವಣಾ ಆಯೋಗ ಅದನ್ನು ಅಚ್ಚು ಹಾಕಿಸುತ್ತಿರುವುದೂ ಇಂಥ ಗೊಂದಲ ತಪ್ಪಿಸಲೆಂದೇ.

ಮುಖಕ್ಕೆ ಬೆಲೆಯೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಮನಶ್ಶಾಸ್ತ್ರಜ್ಞ ಅಲೆಕ್ಸಾಂಡರ್ ಟೊಡೊರೊವ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಪರಿಚಿತ ಅಭ್ಯರ್ಥಿಗಳ ಚಿತ್ರ ನೋಡಿ ಇಬ್ಬರಲ್ಲಿ ಯಾರು ಹೆಚ್ಚು ಸಮರ್ಥರೆಂದು ಜನ ಊಹಿಸಿದ್ದು ಅಮೆರಿಕದ ಸೆನೆಟ್ ಚುನಾವಣೆಗಳ ಸುಮಾರು 70 ಶೇಕಡಾ ಫಲಿತಾಂಶಗಳಿಗೆ ತಾಳೆಯಾಯಿತು. ಗಮನಿಸಿ, ಅಲ್ಲಿ ಕೇಳಿದ್ದು ಸಾಮರ್ಥ್ಯದ ಬಗ್ಗೆ, ಚೆಲುವಿನ ಬಗ್ಗೆ ಅಲ್ಲ. ಅಭ್ಯರ್ಥಿಯ ಜಾತಿ, ಮನೆತನ, ಕಾವೇರಿ ನೀರಿನ ವಿಚಾರದಲ್ಲಿ ಆತ ಎಲ್ಲಿ ನಿಂತಿದ್ದ ಎಂಬುದೆಲ್ಲ ಗೊತ್ತಿರುವ ನಮ್ಮ ಹಳ್ಳಿಗಳಲ್ಲಿ ಬರೀ ಮುಖ ನೋಡಿ ಊಹಿಸುವ ಅಗತ್ಯ ಕಡಿಮೆ.

ಪಕ್ಕದ ಮೈಸೂರಿನಲ್ಲಿ ಅರಮನೆಯ ವರ್ಚಸ್ಸಿನದೂ ಇದೇ ಕಥೆ. ಕಾಂಗ್ರೆಸ್‌ನಿಂದ ನಾಲ್ಕು ಸಲ ಸಂಸದರಾದ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ 1991ರಲ್ಲಿ ಬಿಜೆಪಿಯಿಂದ ನಿಂತಾಗ ದೇವರಾಜ ಅರಸು ಅವರ ಮಗಳು ಚಂದ್ರಪ್ರಭಾ ಅರಸು ಎದುರು ಸೋತರು. 2024ರಲ್ಲಿ ಯದುವೀರ್ ಗೆದ್ದದ್ದನ್ನು ಪೂರ್ತಿಯಾಗಿ ಅರಮನೆಯ ಲೆಕ್ಕಕ್ಕೆ ಬರೆಯುವವರು 2019ನ್ನೂ ನೋಡಬೇಕು. ಆಗ ಅದೇ ಬಿಜೆಪಿಯಿಂದ ಪತ್ರಕರ್ತರಾಗಿದ್ದ ಪ್ರತಾಪ ಸಿಂಹ ಗೆದ್ದಿದ್ದರು, ಅದೂ ಜೆಡಿಎಸ್ ಎದುರು ಪಾಳೆಯದಲ್ಲಿದ್ದಾಗ; ಯದುವೀರ್ ಅವರಿಗೆ ಜೆಡಿಎಸ್ ಜೊತೆಗಿತ್ತು. ಗೆಲುವಿನ ಅಂತರ ಎರಡೂ ಸಲ 1.39 ಲಕ್ಷದ ಆಸುಪಾಸಿನಲ್ಲಿಯೇ ಇದೆ.