ಅಜ್ಜಿ ಯಾಕೆ ಸುಮ್ಮನಿರಬೇಕು?

ಪತ್ರ: ಮೊಮ್ಮಗಳಿಗೆ ನಾಲ್ಕು ವರ್ಷ, ಡೌನ್ ಸಿಂಡ್ರೋಮ್ ಇದೆ. ಎಂಟು ಹತ್ತು ಪದ ಆಡುತ್ತಾಳೆ. ಎರಡು ಭಾಷೆ ಕಿವಿಗೆ ಬಿದ್ದರೆ ಗೊಂದಲವಾಗುತ್ತದೆ, ಮನೆಯಲ್ಲಿ ಇಂಗ್ಲಿಷ್ ಮಾತ್ರ ಇರಲಿ ಎಂದು ಸ್ಪೀಚ್ ಥೆರಪಿಯವರು ಹೇಳಿದ್ದಾರೆ. ನನಗೆ ಇಂಗ್ಲಿಷ್ ಬಾರದು. ಆರು ತಿಂಗಳಿಂದ ಮಗುವಿನ ಮುಂದೆ ಬಾಯಿ ಮುಚ್ಚಿಕೊಂಡಿದ್ದೇನೆ. ನನ್ನ ಕನ್ನಡದಿಂದ ಅವಳಿಗೆ ಕೆಡುಕಾದೀತೆ?
– ಒಬ್ಬ ಅಜ್ಜಿ, ಬೆಂಗಳೂರು

ಉತ್ತರ: ಇಲ್ಲ ತಾಯಿ. ಈ ಪುಟ ಮಡಚಿಟ್ಟು ಮೊದಲು ಅವಳನ್ನು ಮಾತಾಡಿಸಿ ಬನ್ನಿ.

ಥೆರಪಿಯವರ ಕಾಳಜಿ ಸುಳ್ಳಲ್ಲ. ಈ ಮಕ್ಕಳಿಗೆ ಕಂಡದ್ದು ನೆನಪಲ್ಲಿ ನಿಂತಷ್ಟು ಕೇಳಿದ್ದು ನಿಲ್ಲುವುದಿಲ್ಲ. ಅರ್ಥವಾದಷ್ಟನ್ನು ಆಡಲೂ ಆಗುವುದಿಲ್ಲ, ಬಾಯಿಯ ಸ್ನಾಯು ಸಡಿಲ. ಹೊರೆ ಇಳಿಸೋಣ ಎಂದುಕೊಂಡಿದ್ದಾರೆ. ಆದರೆ ಹೊರೆಯೆಂದು ಇಳಿಸಿದ್ದು ಹಗಲೆಲ್ಲ ಮಗುವಿನ ಜೊತೆಗಿರುವ ಅಜ್ಜಿಯನ್ನು!

ಮಾತು ತಡವಾಗುವುದರ ಮೂಲ, ಈ ಮಕ್ಕಳು ಹುಟ್ಟುವಾಗಲೇ ಜೀವಕೋಶಗಳಲ್ಲಿ ಹೊತ್ತು ತರುವ 21ನೆಯ ಕ್ರೋಮೋಸೋಮಿನ (ವರ್ಣತಂತುವಿನ) ಹೆಚ್ಚುವರಿ ಪ್ರತಿಯಲ್ಲಿದೆ. ಪ್ಯಾರಿಸ್ಸಿನ ವೈದ್ಯ ಜೆರೋಮ್ ಲೆಜೂನ್ ಮತ್ತು ಸಂಗಡಿಗರು 1959ರಲ್ಲೇ ಈ ಹೆಚ್ಚುವರಿ ಪ್ರತಿಯ ವಿಷಯ ಪ್ರಕಟಿಸಿದರು. ಕನ್ನಡದ ಮೇಲೆ ಯಾಕೆ ಅಪವಾದ? ಕೆನಡಾದ ಸಂಶೋಧಕಿ ಎಲಿಜಬೆತ್ ಕೇ-ರೇನಿಂಗ್ ಬರ್ಡ್ ಮತ್ತಿತರರು 2005ರಲ್ಲಿ ಹೊರತಂದ ಅಧ್ಯಯನದಲ್ಲಿ, ಎರಡು ಭಾಷೆ ಕೇಳಿ ಬೆಳೆದ ಡೌನ್ ಸಿಂಡ್ರೋಮ್ ಮಕ್ಕಳು ಒಂದೇ ಭಾಷೆಯಲ್ಲಿ ಬೆಳೆದ ಅಂಥದೇ ಮಕ್ಕಳಿಗಿಂತ ಇಂಗ್ಲಿಷಿನಲ್ಲಿ ಹಿಂದೆ ಬಿದ್ದಿರಲಿಲ್ಲ.

ನನ್ನ ಸೋದರಮಾವನ ಮಗನಿಗೂ ಇದೇ ಸ್ಥಿತಿ. ಹಳ್ಳಿಯಲ್ಲಿ ಬೆಳೆದ. ಅವನ ಬಾಯಲ್ಲಿ ಮೊದಲು ಬಂದದ್ದು ‘ಬಾ’, ಆಮೇಲೆ ‘ತಾ’. ನಮ್ಮ ಭಾಷೆಯ ಈ ಉಪಕಾರವನ್ನು ಯಾರೂ ಗಮನಿಸುವುದಿಲ್ಲ: ಬಾ, ತಾ, ಕೋ – ಒಂದೊಂದೇ ಅಕ್ಷರ, ಒಂದೊಂದೂ ಪೂರ್ತಿ ವಾಕ್ಯ. ಮಮ್ಮು, ತಾಚಿ, ಜೋಜೋ ಎಂದು ಎಳೆ ಬಾಯಿಗೆ ಹದವಾಗಿ ಮಾತು ಕಟ್ಟಿಕೊಟ್ಟವರು ಅಜ್ಜಿಯರೇ. ಅತ್ತೆ ಪ್ರತಿ ತುತ್ತಿಗೂ ‘ತಾ’ ಅನ್ನಿಸಿಯೇ ಕೈ ಮುಂದೆ ಮಾಡುತ್ತಿದ್ದರು. ಅದು ಯಾವ ತರಬೇತಿಗೆ ಕಡಿಮೆ? ಇಷ್ಟೆಲ್ಲ ಬಲ್ಲವರು ಆರು ತಿಂಗಳು ಸುಮ್ಮನಿದ್ದಿರಲ್ಲ, ಅದಕ್ಕೆ ನಿಮ್ಮ ಮೇಲೂ ನನಗೆ ಸ್ವಲ್ಪ ಸಿಟ್ಟಿದೆ.

ಸಿಟ್ಟಿನ ದೊಡ್ಡ ಪಾಲು ಬೇರೆಡೆಗಿದೆ. ನಾನು ಕಂಡ ಒಂದು ಥೆರಪಿ ಕೋಣೆಯಲ್ಲಿ ಚಿತ್ರದ ಕಾರ್ಡುಗಳ ತುಂಬ ಸ್ಟ್ರಾಬೆರಿ, ಹಿಮದ ಬೊಂಬೆ. ಎಮ್ಮೆಯಿಲ್ಲ, ರೊಟ್ಟಿಯಿಲ್ಲ, ಮೊರವಿಲ್ಲ. ಮಗು ಕಂಡೇ ಇರದ ವಸ್ತುವಿನ ಹೆಸರು ಹೇಳಲಿಲ್ಲವೆಂದು ಅಂಕ ಕಳೆಯುತ್ತಿದ್ದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇಂಥ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ನೆರೆಯ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕು ಕೊಟ್ಟಿದೆ. ಆ ಶಾಲೆ ಮಾತಾಡುವುದು ಯಾವ ಭಾಷೆ? ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಾವು ಅದನ್ನು ಅಡುಗೆಮನೆಗೂ ಅನ್ವಯಿಸಿಕೊಂಡೆವು. ಇಂಗ್ಲಿಷ್ ಬಂದರೆ ನಮ್ಮ ಮಗುವೂ ಎಲ್ಲರಂತಾದೀತು ಎಂಬ ನಿಮ್ಮ ಮಗ-ಸೊಸೆಯ ಆಸೆ ನನಗೆ ತಿಳಿಯುತ್ತದೆ. ಇಂಗ್ಲಿಷನ್ನು ಅವರು ಆಡಲಿ. ನೀವು ಕನ್ನಡ ಆಡಿ. ಚಿಕ್ಕ ಚಿಕ್ಕ ಮಾತು, ವಸ್ತುವನ್ನು ಕೈಯಲ್ಲಿ ಹಿಡಿದು, ಅವಳ ಕಣ್ಣಿಗೆ ಕಣ್ಣು ಕೊಟ್ಟು.

ಮರೆಯುವ ಮುನ್ನ ಇನ್ನೊಂದು. ಈ ಮಕ್ಕಳ ಕಿವಿಯ ಪರದೆಯ ಹಿಂದೆ ನೀರು ತುಂಬಿ ಕೇಳಿಸುವುದು ಮಂದವಾಗುವುದುಂಟು. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಅಲ್ಲಿಗೆ ಒಮ್ಮೆ ಕರೆದೊಯ್ಯಿರಿ. ಗೊಂದಲ ಎಂದವರು ಅವಳ ಕಿವಿ ಪರೀಕ್ಷೆ ಮಾಡಿಸಿದ್ದರೇ? ಪತ್ರದಲ್ಲಿ ನೀವು ಅದನ್ನು ಬರೆದಿಲ್ಲ.