ಗ್ರೀನ್ ಕಾರ್ಡ್ ಮೆಡಿಕಲ್ ಕೇಳಿ ಪತ್ರ ಬಂದಿದೆ, ಊರಿನ ಲಸಿಕೆ ಕಾರ್ಡ್ ಸಿಗುತ್ತಿಲ್ಲ. ಏನು ಮಾಡಲಿ?

ನಿಮ್ಮ ಪ್ರಶ್ನೆಯಿಂದ ನನಗೆ ಅರ್ಥವಾಗಿದ್ದು ಇಷ್ಟು. ನಿಮ್ಮ ಯಜಮಾನರು ಅಮೆರಿಕದ ಪ್ರಜೆ. ನೀವು ಅಮೆರಿಕದಲ್ಲೇ ಇದ್ದುಕೊಂಡು 2024ರ ಅಕ್ಟೋಬರ್‌ನಲ್ಲಿ ಐ-485, ಅಂದರೆ ಗ್ರೀನ್ ಕಾರ್ಡ್ ಅರ್ಜಿ, ಹಾಕಿದ್ದೀರಿ, ಆಗ ಮೆಡಿಕಲ್ ಇಟ್ಟಿರಲಿಲ್ಲ. ಈಗ ಐ-693, ಅಂದರೆ ಮೆಡಿಕಲ್ ಪರೀಕ್ಷೆಯ ಫಾರ್ಮ್, ಕಳಿಸಿ ಅಂತ ಅಲ್ಲಿನ ವಲಸೆ ಇಲಾಖೆ ಯುಎಸ್‌ಸಿಐಎಸ್‌ನಿಂದ ಆರ್‌ಎಫ್‌ಇ (ಬಾಕಿ ದಾಖಲೆ ಕೇಳುವ ಪತ್ರ) ಬಂದಿದೆ. ಚಿಕ್ಕವರಿದ್ದಾಗ ಹಾವೇರಿಯಲ್ಲಿ ಹಾಕಿಸಿದ ಚುಚ್ಚುಮದ್ದಿನ ಕಾರ್ಡ್‌ಗಾಗಿ ನಿಮ್ಮ ಅಮ್ಮ ಬೀರು, ಅಟ್ಟ ಎಲ್ಲಾ ಹುಡುಕುತ್ತಿದ್ದಾರೆ.

ಮೊದಲು ಅಮ್ಮನಿಗೆ ಫೋನ್ ಮಾಡಿ, ಹುಡುಕಿದ್ದು ಸಾಕು ಅಂತ ಹೇಳಿ. ಆ ಕಾರ್ಡ್ ಇಲ್ಲದೆಯೂ ಕೆಲಸ ಆಗುತ್ತದೆ. ನನಗೂ ಇದೇ ಪತ್ರ ಬಂದಿತ್ತು, ನನ್ನ ಹತ್ತಿರವೂ ಕಾರ್ಡ್ ಇರಲಿಲ್ಲ.

ಯಾಕೆ ಹೀಗೆ ಹೇಳುತ್ತೇನೆ ಅಂದರೆ, ಕಾರ್ಡ್ ಸಿಕ್ಕಿದರೂ ಇಲ್ಲಿ ಕೇಳುವ ಲಸಿಕೆಗಳಲ್ಲಿ ಅರ್ಧ ಅದರಲ್ಲಿ ಇರುವುದಿಲ್ಲ. ನಾವು ಚಿಕ್ಕವರಿದ್ದಾಗ ಸರ್ಕಾರಿ ಆಸ್ಪತ್ರೆಯಲ್ಲಿ ಹಾಕುತ್ತಿದ್ದದ್ದು ಬಿಸಿಜಿ (ಟಿಬಿಯದ್ದು), ಡಿಪಿಟಿ, ಪೋಲಿಯೋ ಹನಿ, ದಡಾರದ ಚುಚ್ಚುಮದ್ದು. ರುಬೆಲ್ಲಾ ಸೇರಿಕೊಂಡಿದ್ದು 2017ರಲ್ಲಿ. ಅದು ಮೊದಲು ಶುರುವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು, ಆದರೆ ಅಷ್ಟೊತ್ತಿಗೆ ನಾವು ದೊಡ್ಡವರಾಗಿದ್ದೆವು. ಹೆಪಟೈಟಿಸ್ ಬಿ ದೇಶದ ಎಲ್ಲ ಕಡೆ ಬಂದಿದ್ದು 2011ರಲ್ಲಿ. ಮಂಗನಬಾವು ಮತ್ತು ಚಿಕನ್‌ಪಾಕ್ಸ್ ಲಸಿಕೆ ಖಾಸಗಿ ಆಸ್ಪತ್ರೆಯಲ್ಲಿ ದುಡ್ಡು ಕೊಟ್ಟು ಹಾಕಿಸಿದವರಿಗೆ ಮಾತ್ರ ಸಿಕ್ಕಿತ್ತು. ಇಲ್ಲಿನ ಪಟ್ಟಿಯಲ್ಲಿ ಇವೆಲ್ಲ ಬೇಕು. ತೋಳಿನ ಮೇಲೆ ಕಲೆ ಉಳಿಸಿದ ಬಿಸಿಜಿಯನ್ನು ಮಾತ್ರ ಯಾರೂ ಕೇಳುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಇವತ್ತೇ ಸಿವಿಲ್ ಸರ್ಜನ್ ಹತ್ತಿರ ಅಪಾಯಿಂಟ್‌ಮೆಂಟ್ ತಗೊಳ್ಳಿ. ಸಿವಿಲ್ ಸರ್ಜನ್ ಅಂದರೆ ಯುಎಸ್‌ಸಿಐಎಸ್ ಗೊತ್ತುಮಾಡಿದ ಡಾಕ್ಟರ್, ಅವರು ಮಾತ್ರ ಈ ಫಾರ್ಮ್‌ಗೆ ಸಹಿ ಹಾಕಬಹುದು. ಅವರ ವೆಬ್‌ಸೈಟಿನಲ್ಲಿ ಪಿನ್‌ಕೋಡ್ ಹಾಕಿದರೆ ಹತ್ತಿರದವರ ಹೆಸರು ಬರುತ್ತದೆ. ನಿಮ್ಮ ಮಾಮೂಲಿ ಡಾಕ್ಟರ್ ಎಷ್ಟೇ ಒಳ್ಳೆಯವರಾದರೂ ಆ ಪಟ್ಟಿಯಲ್ಲಿ ಇಲ್ಲದಿದ್ದರೆ ನಡೆಯುವುದಿಲ್ಲ. ಹಾವೇರಿಯ ಡಾಕ್ಟರ್ ಬರೆದುಕೊಟ್ಟ ಪತ್ರವಂತೂ ನಡೆಯುವುದೇ ಇಲ್ಲ.

ದಾಖಲೆ ಇಲ್ಲದ ಲಸಿಕೆಗೆ ಎರಡು ದಾರಿ ಇದೆ. ಒಂದು, ರಕ್ತ ಪರೀಕ್ಷೆ. ದಡಾರ, ಮಂಗನಬಾವು, ರುಬೆಲ್ಲಾ, ಚಿಕನ್‌ಪಾಕ್ಸ್, ಹೆಪಟೈಟಿಸ್ ಬಿ ಇವಕ್ಕೆ ನಿಮ್ಮ ಮೈಯಲ್ಲಿ ರೋಗನಿರೋಧಕ ಶಕ್ತಿ ಇದೆ ಅಂತ ಲ್ಯಾಬ್ ರಿಪೋರ್ಟ್ ಬಂದರೆ ಅದೇ ಸಾಕು. ಇನ್ನೊಂದು, ಸುಮ್ನೆ ಮತ್ತೆ ಚುಚ್ಚಿಸಿಕೊಳ್ಳುವುದು. ನಾನು ಎರಡನ್ನೂ ಮಾಡಿದೆ. ಚಿಕನ್‌ಪಾಕ್ಸ್ ಚಿಕ್ಕಂದಿನಲ್ಲೇ ಬಂದು ಹೋಗಿತ್ತು, ರಕ್ತ ಪರೀಕ್ಷೆಯಲ್ಲಿ ಗೊತ್ತಾಯಿತು. ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿದ ಎಂಎಂಆರ್ ಹಾಕಿಸಿಕೊಂಡೆ. ಹೆಪಟೈಟಿಸ್ ಬಿ ಪೂರ್ತಿ ಆಗಲು ತಿಂಗಳುಗಳೇ ಬೇಕಲ್ವಾ ಅಂತ ಹೆದರಬೇಡಿ. ಮೊದಲ ಡೋಸ್ ಆದರೆ, ಮುಂದಿನದಕ್ಕೆ ಇನ್ನೂ ಸಮಯ ಆಗಿಲ್ಲ ಅಂತ ಡಾಕ್ಟರ್ ಫಾರ್ಮ್‌ನಲ್ಲೇ ಗುರುತು ಹಾಕುತ್ತಾರೆ, ಅದು ಸಾಕು. ಕೋವಿಡ್ ಲಸಿಕೆ 2025ರ ಜನವರಿಯಿಂದ ಬೇಕಾಗಿಲ್ಲ. ಬಸುರಿಯಾಗಿದ್ದರೆ ಮೊದಲೇ ಹೇಳಿ. ಎಂಎಂಆರ್ ಮತ್ತು ಚಿಕನ್‌ಪಾಕ್ಸ್ ಲಸಿಕೆ ಆಗ ಹಾಕುವಂತಿಲ್ಲ, ಡಾಕ್ಟರ್ ಅದನ್ನೇ ಬರೆದು ಬಿಡುತ್ತಾರೆ.

ದುಡ್ಡಿನ ವಿಷಯ ಒಂದು ಮಾತು. ಸಿವಿಲ್ ಸರ್ಜನ್‌ಗಳ ಫೀಸ್‌ಗೆ ಸರ್ಕಾರ ಮಿತಿ ಹಾಕಿಲ್ಲ, ಒಬ್ಬೊಬ್ಬರದು ಒಂದೊಂದು ರೇಟು. ನಾಲ್ಕು ಕಡೆ ಫೋನ್ ಮಾಡಿ ಕೇಳಿ. ಈ ಪರೀಕ್ಷೆಗೆ ಇನ್ಶೂರೆನ್ಸ್ ಸಾಮಾನ್ಯವಾಗಿ ಕೊಡುವುದಿಲ್ಲ, ಆದರೆ ಲಸಿಕೆಗೆ ಕೊಡುತ್ತದೆ. ಹಾಗಾಗಿ ಚುಚ್ಚುಮದ್ದನ್ನು ಫಾರ್ಮಸಿಯಲ್ಲಿ ಹಾಕಿಸಿಕೊಂಡು, ಅದರ ಪ್ರಿಂಟ್ ತಗೊಂಡು ಸಿವಿಲ್ ಸರ್ಜನ್ ಹತ್ತಿರ ಹೋಗಿ.

ಭಾರತದವರು ಜಾಸ್ತಿ ಗಾಬರಿ ಆಗುವುದು ಟಿಬಿ ಪರೀಕ್ಷೆಗೆ. ಇಗ್ರಾ ಅನ್ನುವ ರಕ್ತ ಪರೀಕ್ಷೆ ಮಾಡುತ್ತಾರೆ. ಬಿಸಿಜಿ ಹಾಕಿಸಿಕೊಂಡಿದ್ದರಿಂದ ಅದು ಪಾಸಿಟಿವ್ ಬರುವುದಿಲ್ಲ. ಆದರೂ ನಮ್ಮ ಕಡೆಯವರಲ್ಲಿ ಎಷ್ಟೋ ಜನರಿಗೆ ಪಾಸಿಟಿವ್ ಬರುತ್ತದೆ, ಯಾಕಂದರೆ ಟಿಬಿ ರೋಗಾಣು ಒಳಗೆ ಸುಮ್ಮನೆ ಮಲಗಿರುತ್ತದೆ. ಬಂದರೆ ಎದೆಯ ಎಕ್ಸ್‌ರೇ ತೆಗೆಯುತ್ತಾರೆ. ಎಕ್ಸ್‌ರೇ ಚೆನ್ನಾಗಿದ್ದು, ಕೆಮ್ಮು ಜ್ವರ ಇಂಥದ್ದೇನೂ ಇಲ್ಲದಿದ್ದರೆ, ಮಲಗಿರುವ ಟಿಬಿಯಿಂದ ಗ್ರೀನ್ ಕಾರ್ಡ್ ನಿಲ್ಲುವುದಿಲ್ಲ. ಆದರೆ ಎಕ್ಸ್‌ರೇಗೆ ಇನ್ನೊಂದಷ್ಟು ದಿನ ಹೋಗುತ್ತದೆ. ಇವತ್ತೇ ಅಪಾಯಿಂಟ್‌ಮೆಂಟ್ ತಗೊಳ್ಳಿ ಅಂದಿದ್ದು ಅದಕ್ಕೇ.

ಇನ್ನು ಗಡುವು. ಆರ್‌ಎಫ್‌ಇಗೆ ಕೊಡುವ ಸಮಯ ಹೆಚ್ಚೆಂದರೆ 84 ದಿನ, ಅಂಚೆಯಲ್ಲಿ ಬಂದಿದ್ದರೆ ಮೇಲೆ 3 ದಿನ. ನಿಮ್ಮ ಪತ್ರದಲ್ಲಿ ಯಾವ ತಾರೀಖು ಇದೆಯೋ ಅದನ್ನೇ ನಂಬಿ. ಅಷ್ಟರೊಳಗೆ ಉತ್ತರ ಅವರ ಕೈ ಸೇರಿರಬೇಕು, ಪೋಸ್ಟ್ ಮಾಡಿದರೆ ಸಾಲದು. ಗಡುವು ಮುಂದೂಡುವುದಿಲ್ಲ. ಉತ್ತರ ಕೊಡುವ ಅವಕಾಶವೂ ಒಂದೇ ಸಲ. ಪತ್ರದಲ್ಲಿ ಮೆಡಿಕಲ್ ಜೊತೆಗೆ ಯಜಮಾನರ ಟ್ಯಾಕ್ಸ್ ಕಾಗದ ಏನಾದರೂ ಕೇಳಿದ್ದರೆ ಎಲ್ಲವೂ ಒಂದೇ ಕಟ್ಟಿನಲ್ಲಿ ಹೋಗಬೇಕು. ಅರ್ಧ ಕಳಿಸಿದರೆ ಅಷ್ಟರ ಮೇಲೇ ತೀರ್ಮಾನ ಮಾಡುತ್ತಾರೆ. ಪತ್ರದ ಅಸಲು ಪ್ರತಿ ಎಲ್ಲಕ್ಕಿಂತ ಮೇಲಿರಲಿ, ಟ್ರ್ಯಾಕಿಂಗ್ ಇರುವ ಕೊರಿಯರ್‌ನಲ್ಲಿ ಕಳಿಸಿ. ಅಂಚೆಗೂ ಕೊರಿಯರ್‌ಗೂ ವಿಳಾಸ ಬೇರೆ ಬೇರೆ ಇದ್ದರೆ ನೋಡಿಕೊಳ್ಳಿ.

ಕ್ಲಿನಿಕ್‌ನಲ್ಲಿ ಕೊನೆಯ ಹತ್ತು ನಿಮಿಷ ಮಾತ್ರ ಅವಸರ ಮಾಡಬೇಡಿ. ನಿಮ್ಮ ಸಹಿಯನ್ನು ಮನೆಯಲ್ಲೇ ಹಾಕಿಕೊಂಡು ಹೋಗಬೇಡಿ, ಡಾಕ್ಟರ್ ಎದುರಿಗೆ ಹಾಕಬೇಕು. ಡಾಕ್ಟರ್ ಫಾರ್ಮನ್ನು ಲಕೋಟೆಯಲ್ಲಿಟ್ಟು ಅಂಟಿಸುವ ಮೊದಲು ಒಂದು ಜೆರಾಕ್ಸ್ ಕೇಳಿ, ಅಲ್ಲೇ ಕೂತು ಪುಟ ಪುಟ ಓದಿ. ನಮ್ಮವರ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಇರುತ್ತದೆ, ಅಥವಾ ಅಪ್ಪನ ಹೆಸರೋ ಊರ ಹೆಸರೋ ಬಂದು ಕೂತಿರುತ್ತದೆ. ನಾನು ಹೋದ ಕ್ಲಿನಿಕ್‌ನ ಹುಡುಗಿ ನನ್ನ ಹೆಸರನ್ನು ಹಿಂದುಮುಂದಾಗಿ ಬರೆದಿದ್ದಳು, ಏ-ನಂಬರಿನಲ್ಲಿ (ವಲಸೆ ಇಲಾಖೆ ಕೊಡುವ ಗುರುತಿನ ಸಂಖ್ಯೆ) ಒಂದು ಅಂಕಿ ಬಿಟ್ಟಿದ್ದಳು. ಜೆರಾಕ್ಸ್ ಓದಿದ್ದರಿಂದ ಕಣ್ಣಿಗೆ ಬಿತ್ತು, ಅಲ್ಲೇ ಸರಿಮಾಡಿಸಿದೆ. ಐ-485ನಲ್ಲಿ ಹೆಸರು ಹೇಗಿದೆಯೋ ಇಲ್ಲೂ ಅಕ್ಷರಕ್ಕೆ ಅಕ್ಷರ ಹಾಗೇ ಇರಬೇಕು. ಲಕೋಟೆ ಅಂಟಿಸಿದ ಮೇಲೆ ಏನೇ ಆದರೂ ತೆರೆಯಬೇಡಿ. ತೆರೆದ ಲಕೋಟೆ ವಾಪಸ್ ಬರುತ್ತದೆ.

ನಿಮ್ಮ ಚಿಕ್ಕಪ್ಪನ ಮಗಳು ಮುಂದಿನ ತಿಂಗಳು ಅರ್ಜಿ ಹಾಕುತ್ತಾಳೆ ಅಂದಿದ್ದೀರಿ. ಅವಳು ನಿಮ್ಮ ಹಾಗೆ ಆಮೇಲೆ ಕಳಿಸೋಣ ಅಂತ ಬಿಡುವಂತಿಲ್ಲ. 2024ರ ಡಿಸೆಂಬರ್ 2ರಿಂದ ಐ-485 ಜೊತೆಗೇ ಐ-693 ಇರಬೇಕು, ಇಲ್ಲದಿದ್ದರೆ ಅರ್ಜಿಯನ್ನೇ ವಾಪಸ್ ಕಳಿಸಬಹುದು. ಹಾಗೇ, 2025ರ ಜೂನ್‌ನಿಂದ ಒಂದು ಮೆಡಿಕಲ್ ಒಂದೇ ಅರ್ಜಿಗೆ. ಆ ಅರ್ಜಿ ತಿರಸ್ಕಾರವಾದರೆ ಅಥವಾ ಹಿಂದೆ ತಗೊಂಡರೆ, ಮುಂದಿನದಕ್ಕೆ ಮತ್ತೆ ಹೊಸದಾಗಿ ಮಾಡಿಸಬೇಕು.