ಸಾಂಕ್ರಾಮಿಕ ಬಂದರೂ ಶಾಲೆ ನಡೆಯಬೇಕಾದರೆ ಮೊದಲು ಕಿಟಕಿ ನೋಡಿ

ಓದುಗರ ಪ್ರಶ್ನೆಗೆ ಸಮುದಾಯ ಆರೋಗ್ಯ ತಜ್ಞರ ಉತ್ತರ

ಪ್ರಶ್ನೆ: ನಾನು ಧಾರವಾಡ ತಾಲ್ಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ. ಕೋವಿಡ್ ಕಾಲದಲ್ಲಿ ನಮ್ಮೂರ ಸಣ್ಣ ಮಕ್ಕಳು ಒಂದೂವರೆ ವರ್ಷ ತರಗತಿಯ ಮುಖ ನೋಡಲಿಲ್ಲ. ಮುಂದೆ ಅಂಥ ರೋಗ ಬಂದರೆ ಶಾಲೆ ಮುಚ್ಚದಂತೆ ಈಗಲೇ ಏನು ಮಾಡಿಟ್ಟುಕೊಳ್ಳಬೇಕು? ಸ್ವಲ್ಪ ಹಣ ಕೂಡಿದೆ, ಸ್ಯಾನಿಟೈಸರ್ ಸುರಂಗ ಹಾಕಿಸೋಣ ಎನ್ನುವವರಿದ್ದಾರೆ.

ಉತ್ತರ: ಸುರಂಗ ಬೇಡ. ಜನರ ಮೈಮೇಲೆ ಸೋಂಕುನಿವಾರಕ ಸಿಂಪಡಿಸಬಾರದೆಂದು ಕೇಂದ್ರ ಆರೋಗ್ಯ ಸಚಿವಾಲಯ 2020ರ ಏಪ್ರಿಲ್‌ನಲ್ಲಿಯೇ ತಿಳಿಸಿತ್ತು. ಅದರಿಂದ ಕಣ್ಣು, ಚರ್ಮ, ಶ್ವಾಸಕೋಶಕ್ಕೆ ತೊಂದರೆಯೇ ಹೊರತು ಒಳಗೆ ಸೇರಿದ ವೈರಾಣುವಿಗೆ ಏನೂ ಆಗುವುದಿಲ್ಲ. ಆ ಹಣವನ್ನು ಕಿಟಕಿಗಳಿಗೆ ಹಾಕಿ.

ಕೋವಿಡ್, ಇನ್‌ಫ್ಲುಯೆಂಜಾದಂಥ ರೋಗಗಳು ಮುಖ್ಯವಾಗಿ ಉಸಿರಿನೊಂದಿಗೆ ಹೊರಬೀಳುವ ಕಣಗಳಿಂದ ಹರಡುತ್ತವೆ, ಅವುಗಳಲ್ಲಿ ಅತಿ ಸಣ್ಣವು ಮುಚ್ಚಿದ ಕೋಣೆಯಲ್ಲಿ ಗಂಟೆಗಟ್ಟಲೆ ತೇಲುತ್ತಿರಬಲ್ಲವು. ಹೀಗಾಗಿ ಬೆಂಚು ಒರೆಸುವುದಕ್ಕಿಂತ ಗಾಳಿ ಬದಲಾಗುವುದು ಹೆಚ್ಚು ಮುಖ್ಯ. ಒಂದು ಲೆಕ್ಕ ನೋಡಿ: ಇಪ್ಪತ್ತು ಅಡಿ ಉದ್ದ, ಇಪ್ಪತ್ತು ಅಡಿ ಅಗಲ, ಹನ್ನೊಂದು ಅಡಿ ಎತ್ತರದ ಕೋಣೆಯಲ್ಲಿ ನಲವತ್ತು ಮಕ್ಕಳು ಕುಳಿತು, ಎಲ್ಲವೂ ಬಿಗಿಯಾಗಿ ಮುಚ್ಚಿದ್ದರೆ, ಅರ್ಧ ಗಂಟೆಯಲ್ಲಿ ಅಲ್ಲಿನ ಇಂಗಾಲದ ಡೈಆಕ್ಸೈಡ್ ಸುಮಾರು 2000 ಪಿಪಿಎಂನಷ್ಟು (ಹತ್ತು ಲಕ್ಷ ಭಾಗ ಗಾಳಿಯಲ್ಲಿ ಎಷ್ಟು ಭಾಗ ಎಂಬ ಅಳತೆ) ಏರುತ್ತದೆ. ಹೊರಗಿನ ಗಾಳಿಯಲ್ಲಿ ಅದು ಇರುವುದು 420ರ ಆಸುಪಾಸಿನಲ್ಲಿ. ಈ ಅನಿಲವೇ ರೋಗ ತರುವುದಿಲ್ಲ. ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ಎಷ್ಟು ಸೇವಿಸುತ್ತಿದ್ದಾರೆಂಬುದಕ್ಕೆ ಅದು ಗುರುತು. 800ರ ಒಳಗಿದ್ದರೆ ಗಾಳಿಯಾಟ ಚೆನ್ನಾಗಿದೆ ಎನ್ನಬಹುದು, 1500 ದಾಟಿದರೆ ಕೂಡಲೇ ಏನಾದರೂ ಮಾಡಬೇಕು. ಇದನ್ನು ಅಳೆಯುವ ಮೀಟರನ್ನು ಪ್ರತಿ ಶಾಲೆಯೂ ಕೊಳ್ಳಬೇಕಿಲ್ಲ, ಒಂದು ಕ್ಲಸ್ಟರಿನ ಶಾಲೆಗಳು ಸೇರಿ ಒಂದನ್ನು ಇಟ್ಟುಕೊಂಡರೆ ಸಾಕು.

ಮೀಟರಿಲ್ಲದೆಯೂ ನೋಡಬಹುದು. ಮಕ್ಕಳು ಇಲ್ಲದಾಗ ಊದಿನಕಡ್ಡಿ ಹಚ್ಚಿ ಒಂದೊಂದು ಕಿಟಕಿಯ ಬಳಿ ಹಿಡಿಯಿರಿ. ಹೊಗೆ ಒಂದು ಕಿಟಕಿಯಲ್ಲಿ ಒಳಕ್ಕೆ ಬಾಗಿ, ಎದುರಿನ ಕಿಟಕಿಯಲ್ಲಿ ಹೊರಕ್ಕೆ ಎಳೆದುಕೊಂಡು ಹೋದರೆ ಗಾಳಿ ಹಾಯುತ್ತಿದೆ ಎಂದರ್ಥ. ನೆಟ್ಟಗೆ ಮೇಲೇರಿ ಛತ್ತಿನ ಕೆಳಗೆ ಸುಳಿದಾಡುತ್ತಿದ್ದರೆ ಆ ಕೋಣೆಯಲ್ಲಿ ಗಾಳಿ ನಿಂತಿದೆ. ಛತ್ತಿನ ಫ್ಯಾನು ಒಳಗಿನ ಗಾಳಿಯನ್ನೇ ತಿರುವಿಹಾಕುತ್ತದೆಯೇ ಹೊರತು ಹೊಸ ಗಾಳಿ ತರುವುದಿಲ್ಲ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. ಎಕ್ಸಾಸ್ಟ್ ಫ್ಯಾನು, ಅದಿಲ್ಲದಿದ್ದರೆ ಕಿಟಕಿಯಲ್ಲಿ ಹೊರಕ್ಕೆ ಮುಖಮಾಡಿ ಇಟ್ಟ ಟೇಬಲ್ ಫ್ಯಾನು, ಆ ಕೆಲಸ ಮಾಡುತ್ತದೆ.

ನಿಮ್ಮ ಭಾಗದಲ್ಲಿ ಕಷ್ಟವಾಗುವುದು ಮಳೆಗಾಲದಲ್ಲಿ. ಶಾಲೆ ಆರಂಭವಾಗುವ ಹೊತ್ತಿಗೇ ಪಡುವಣ ಗಾಳಿ ಬೀಸಿ, ಎರಚಲು ಒಳಗೆ ಬರುತ್ತದೆಂದು ಎಲ್ಲ ಕಿಟಕಿಗಳನ್ನೂ ಹಾಕಿಬಿಡುತ್ತಾರೆ. ಪಡುವಣ ದಿಕ್ಕಿನವನ್ನು ಮಾತ್ರ ಮುಚ್ಚಿ, ಮೂಡಣ ಮತ್ತು ಬಡಗಣ ದಿಕ್ಕಿನವನ್ನು ತೆರೆದಿಡಿ. ಗೋಡೆಯ ಮೇಲ್ಭಾಗದ ಗವಾಕ್ಷಿಗಳಿಗೆ ತಗಡಿನ ಇಳಿಜಾರು ಸಜ್ಜಾ ಹಾಕಿಸಿದರೆ ಜಡಿಮಳೆಯಲ್ಲಿಯೂ ಅವು ತೆರೆದಿರುತ್ತವೆ. ಹಳೆಯ ಹಂಚಿನ ಛಾವಣಿಯ ಕೋಣೆಗಳಲ್ಲಿ ಸಂದುಗಳಿಂದಲೇ ಬಿಸಿ ಗಾಳಿ ಮೇಲೆ ಹೋಗುತ್ತದೆ, ಹೊಸ ಆರ್‌ಸಿಸಿ ಕೋಣೆಗಳಲ್ಲಿ ಆ ಅನುಕೂಲ ಇಲ್ಲ; ರಿಪೇರಿಯನ್ನು ಹೊಸ ಕೋಣೆಗಳಿಂದಲೇ ಆರಂಭಿಸಿ. ತುಕ್ಕು ಹಿಡಿದ ಕೊಂಡಿ, ಕಿಟಕಿಗೆ ಅಡ್ಡವಾಗಿ ನಿಲ್ಲಿಸಿದ ಕಪಾಟು, ಇವೇ ಎಷ್ಟೋ ಶಾಲೆಗಳಲ್ಲಿ ದೊಡ್ಡ ಅಡ್ಡಿ.

ಒಣ ದಿನಗಳಲ್ಲಿ ಒಂದೆರಡು ಪಿರಿಯಡ್‌ಗಳನ್ನು ಮರದ ಕೆಳಗೆ ನಡೆಸುವುದು ಹಿಂದುಳಿದ ಪದ್ಧತಿಯಲ್ಲ. ಶಾಲೆ ಮುಚ್ಚಿದ್ದಾಗ ಮಕ್ಕಳಿದ್ದಲ್ಲಿಗೇ ಹೋಗಿ ಕಲಿಸಲು ರಾಜ್ಯ ಸರ್ಕಾರ 2020ರ ಆಗಸ್ಟ್‌ನಲ್ಲಿ ಆರಂಭಿಸಿದ ವಿದ್ಯಾಗಮ ಕಾರ್ಯಕ್ರಮದಲ್ಲಿ ಶಿಕ್ಷಕರು ಗುಡಿಯ ಕಟ್ಟೆಗಳಲ್ಲಿ ಮಕ್ಕಳನ್ನು ಕೂರಿಸಿ ಕಲಿಸಿದ್ದು ಸರಿಯಾದ ದಾರಿಯೇ ಆಗಿತ್ತು; ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಿದ ಮೇಲೆ, ಒಂದರಿಂದ ಐದನೆಯ ತರಗತಿಯವರಿಗೆ ಶಾಲೆ ಪೂರ್ಣವಾಗಿ ತೆರೆಯಲು 2021ರ ಅಕ್ಟೋಬರ್ 25ರವರೆಗೆ ಕಾಯಬೇಕಾಯಿತು. ಅಕ್ಷರ ಕೂಡಿಸಿ ಓದಲು ಕಲಿಯಬೇಕಾದ ವಯಸ್ಸಿನ ಮಕ್ಕಳನ್ನೇ ನಾವು ಎಲ್ಲರಿಗಿಂತ ಕೊನೆಗೆ ಕರೆದೆವು. ರೋಗ ತೀವ್ರವಾಗುವ ಸಂಭವ ಅವರಲ್ಲಿಯೇ ಅತಿ ಕಡಿಮೆಯಿತ್ತು ಎಂಬುದನ್ನು ನೆನೆದರೆ ಈಗಲೂ ಬೇಸರವಾಗುತ್ತದೆ. ಹೊಸ ರೋಗ ಹಾಗೆಯೇ ಇರುತ್ತದೆನ್ನಲಾಗದು, ಮಕ್ಕಳನ್ನೇ ಹೆಚ್ಚು ಕಾಡುವ ರೋಗವಾದರೆ ಕೆಲವು ವಾರ ಮುಚ್ಚಬೇಕಾದೀತು. ಆದರೆ ಸಂತೆ, ಮದುವೆ, ಜಾತ್ರೆ ನಡೆಯುತ್ತಿರುವ ಊರಿನಲ್ಲಿ ಶಾಲೆಗೆ ಮಾತ್ರ ಬೀಗ ಹಾಕುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಅಪಾಯ ಹೆಚ್ಚಿರುವುದು ವಯಸ್ಸಾದ ಶಿಕ್ಷಕರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ ಮತ್ತು ಬಿಸಿಯೂಟದ ಸಿಬ್ಬಂದಿಗೆ. ಲಸಿಕೆ ಬಂದ ಕೂಡಲೇ ಮೊದಲ ಸಾಲಿನಲ್ಲಿ ಇವರನ್ನು ನಿಲ್ಲಿಸಬೇಕು, ಸೋಂಕು ಹೆಚ್ಚಿರುವಾಗ ಎನ್95 ಮಾಸ್ಕ್ ಕೊಡಬೇಕು. 2021ರ ನವೆಂಬರ್‌ನಲ್ಲಿ ಧಾರವಾಡದ ವೈದ್ಯಕೀಯ ಕಾಲೇಜೊಂದರಲ್ಲಿ ಹೊಸ ವಿದ್ಯಾರ್ಥಿಗಳ ಸ್ವಾಗತ ಸಮಾರಂಭದ ನಂತರ ಸೋಂಕು ದೊಡ್ಡ ಪ್ರಮಾಣದಲ್ಲಿ ಹರಡಿದ್ದು ನಿಮಗೆ ನೆನಪಿರಬಹುದು. ಸೋಂಕಿತರಲ್ಲಿ ಬಹುತೇಕರು ಎರಡೂ ಡೋಸ್ ಪಡೆದವರು, ರೋಗ ಸೌಮ್ಯವಾಗಿತ್ತು. ಲಸಿಕೆ ಜೀವ ಕಾಯುತ್ತದೆ, ಹರಡುವುದನ್ನು ಪೂರ್ತಿ ತಡೆಯುವುದಿಲ್ಲ. ಆದ್ದರಿಂದ ಅಂಥ ಕಾಲದಲ್ಲಿ ಪಾಠ ನಡೆಯಲಿ, ಸಭಾಂಗಣದ ಸಮಾರಂಭಗಳು ನಿಲ್ಲಲಿ.

ಪ್ರಶ್ನೆ: ನಾವು ಬ್ಯಾಡಗಿಯವರು. ಮೆಣಸಿನಕಾಯಿ ಸುಗ್ಗಿಯಲ್ಲಿ ಮಗಳು ಕೆಮ್ಮುತ್ತಲೇ ಇರುತ್ತಾಳೆ. ಕೆಮ್ಮಿದಾಗಲೆಲ್ಲ ಮನೆಗೆ ಕಳಿಸಿದರೆ ಅವಳ ಓದಿನ ಗತಿ ಏನು? ಎರಡನೆಯ ತರಗತಿಯವಳಿಗೆ ಮಾಸ್ಕ್ ಬೇಕೆ?

ಉತ್ತರ: ಮೆಣಸಿನಕಾಯಿ ಘಾಟಿನ ಕೆಮ್ಮು ಮಾರುಕಟ್ಟೆಗೆ ಆವಕ ಹೆಚ್ಚಿರುವ ದಿನಗಳಲ್ಲಿ ಏರಿ, ದೂಳಿನಿಂದ ದೂರ ಹೋದಾಗ ಇಳಿಯುತ್ತದೆ, ಅದರೊಂದಿಗೆ ಜ್ವರ ಬರುವುದಿಲ್ಲ. ಜ್ವರ, ಮೈಕೈ ನೋವು, ವಾಂತಿ, ಗಂಟಲು ನೋವು, ಅಥವಾ ಎಂದಿನಂತಲ್ಲದ ಹೊಸ ಕೆಮ್ಮು ಕಂಡರೆ ಮನೆಯಲ್ಲಿಯೇ ಉಳಿಸಿಕೊಂಡು ಪರೀಕ್ಷೆ ಮಾಡಿಸಿ. ಪ್ರತಿ ವರ್ಷ ಹೀಗಾಗುತ್ತಿದ್ದರೆ ಅಸ್ತಮಾ ಇದೆಯೇ ಎಂದು ವೈದ್ಯರಿಂದ ನೋಡಿಸಿ, ಅವರು ಬರೆದುಕೊಟ್ಟ ಚೀಟಿ ತರಗತಿ ಶಿಕ್ಷಕರ ಬಳಿ ಇರಲಿ. ಸಾಂಕ್ರಾಮಿಕದ ಅವಧಿಯಲ್ಲಿ ನೂರಕ್ಕೆ ನೂರು ಹಾಜರಾತಿಗೆ ಬಹುಮಾನ ಕೊಡುವುದನ್ನು ಶಾಲೆಗಳು ಕೈಬಿಡಬೇಕು, ಅದು ಜ್ವರದ ಮಗುವನ್ನೂ ಎಬ್ಬಿಸಿ ಕಳಿಸುವಂತೆ ಮಾಡುತ್ತದೆ.

ಐದು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ಮಾಸ್ಕ್ ಬೇಡ. ನಿಮ್ಮ ಮಗಳ ವಯಸ್ಸಿನವರಿಗೆ ಸೋಂಕು ಹೆಚ್ಚಿರುವಾಗ, ಒಳಗೆ ಕುಳಿತಾಗ ಮಾತ್ರ ಸಾಕು. ಆಟದ ಬಯಲಿನಲ್ಲಿ ತೆಗೆಸಿ. ಅಸ್ತಮಾ ಇರುವುದು ಖಚಿತವಾದರೆ ಮಾಸ್ಕಿನ ಬಗ್ಗೆ ಅದೇ ವೈದ್ಯರನ್ನು ಕೇಳಿ ನಿರ್ಧರಿಸಿ. ಬಿಸಿಯೂಟಕ್ಕೆ ಎಲ್ಲರೂ ಒಟ್ಟಿಗೆ ಮಾಸ್ಕ್ ತೆಗೆಯುವುದರಿಂದ ಊಟವನ್ನು ಕೋಣೆಯೊಳಗೆ ಬಡಿಸದೆ, ವರಾಂಡದಲ್ಲಿ ತರಗತಿವಾರು ಸರದಿಯಂತೆ ಬಡಿಸಲು ಮುಖ್ಯ ಶಿಕ್ಷಕರನ್ನು ಕೇಳಿಕೊಳ್ಳಿ.